ಅರ್ಧ ಇಂಚಿಗೆ ಮೂರು ಅಳತೆ

ಯುಗಾದಿ ಕಳೆದು ಕೆರೆಯ ನೀರು ತೂಬಿನ ಕಡೆಗೆ ಸರಿಯುತ್ತಿದ್ದಂತೆ ಮಾಯಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆಯುವ ಕೆಲಸ ಶುರುವಾಗುತ್ತದೆ. ತೆಂಗಿನ ಬುಡಕ್ಕೆ ಗೋಡು ಬಿದ್ದರೆ ಮರ ಚೇತರಿಸಿಕೊಳ್ಳುತ್ತದೆ ಎನ್ನುವುದು ಇಲ್ಲಿನವರ ಹಳೆಯ ಲೆಕ್ಕ. ಹಿಂದೆ ಅದನ್ನು ಎತ್ತಿನ ಗಾಡಿಗಳು ಹೊತ್ತು ತರುತ್ತಿದ್ದವು. ಈಗ ಕೆರೆಯಂಗಳದ ನಡುವೆ ಹಳದಿ ಬಣ್ಣದ ಜೆಸಿಬಿ ನಿಂತಿರುತ್ತದೆ, ಪಕ್ಕದಲ್ಲಿ ಟ್ರ್ಯಾಕ್ಟರ್‌ಗಳು ಸರದಿಗೆ ಕಾಯುತ್ತವೆ. ಯಂತ್ರ ಮುಂದಕ್ಕೆ ನುಗ್ಗಿ ಗೋಡಿನ ಗುಡ್ಡೆಗೆ ಬಕೆಟ್ ಇಕ್ಕುತ್ತದೆ, ಹಿಂದಕ್ಕೆ ಬರುತ್ತದೆ, ತಿರುಗಿ ಟ್ರೇಲರಿಗೆ ಸುರಿಯುತ್ತದೆ, ಮತ್ತೆ ನುಗ್ಗುತ್ತದೆ. ಬೆಳಗ್ಗೆ ಏಳರಿಂದ ಸಂಜೆ ಕತ್ತಲಾಗುವ ತನಕ ಇದೇ ಓಡಾಟ. ಬಾಡಿಗೆ ಗಂಟೆ ಲೆಕ್ಕ.

ಮಧ್ಯಾಹ್ನದ ಬಿಸಿಲಲ್ಲಿ ಗೇರ್ ಆಯಿಲ್ ಬಿಸಿಯಾದ ದೀಪ ಹತ್ತಿತು ಎಂದಿಟ್ಟುಕೊಳ್ಳೋಣ. ಆಪರೇಟರ್ ಇಳಿದು ಬಗ್ಗಿ ನೋಡುತ್ತಾನೆ. ಗೇರ್‌ಬಾಕ್ಸಿನಿಂದ ಮುಂದಿನ ರೇಡಿಯೇಟರಿನ ಕಡೆಗೆ ಎರಡು ಪೈಪುಗಳು ಹೋಗಿವೆ. ಅವುಗಳಲ್ಲಿ ಒಂದು ಒದ್ದೆಯಾಗಿ, ಮೇಲೆ ಮಣ್ಣು ಮೆತ್ತಿ, ಕೆಳಗೆ ತೊಟ್ಟಿಕ್ಕುತ್ತಿದೆ. ಇವತ್ತಿನ ಮಾತು ಆ ಎರಡು ಪೈಪುಗಳನ್ನು ಕುರಿತದ್ದು. ಅವು ಗೇರ್ ಆಯಿಲನ್ನು ತಣಿಸಲು ಕೂಲರಿಗೆ ಒಯ್ದು ಮತ್ತೆ ತರುವ ಪೈಪುಗಳು. ಅವನ್ನು, ಅವುಗಳ ತುದಿಯ ಯೂನಿಯನ್ನುಗಳನ್ನು ಹೇಗೆ ಆರಿಸಬೇಕು ಎನ್ನುವುದು ಸಣ್ಣ ವಿಷಯದಂತೆ ಕಾಣುತ್ತದೆ. ಗೇರ್‌ಬಾಕ್ಸಿನ ಆಯುಸ್ಸು ನಿಂತಿರುವುದು ಅದರ ಮೇಲೆಯೇ.

ಜೆಸಿಬಿ ಎನ್ನುವುದು ಒಬ್ಬ ಮನುಷ್ಯನ ಹೆಸರಿನ ಮೊದಲಕ್ಷರಗಳು. ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಇಂಗ್ಲೆಂಡಿನ ಅಟಾಕ್ಸಿಟರ್ ಎಂಬ ಊರಿನಲ್ಲಿ ಟ್ರೇಲರ್ ಮಾಡುತ್ತ ಕಂಪನಿ ಶುರುಮಾಡಿದ. 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಅದರ ಭಾರತದ ಕಾರ್ಖಾನೆ ಬಂತು. ಈಗ ನಮ್ಮ ಹಳ್ಳಿಗಳಲ್ಲಿ ಯಾವ ಕಂಪನಿಯ ಯಂತ್ರ ಬಂದರೂ ಅದಕ್ಕೆ ಜೆಸಿಬಿ ಎಂದೇ ಹೆಸರು. ಈ ಮಾತಿನಲ್ಲೂ ಹಾಗೆಯೇ ಬಳಸಿದೆ.

ಇಂಥ ಯಂತ್ರದಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟ್ರ್ಯಾಕ್ಟರಿನಲ್ಲಿರುವಂತೆ ಕಾಲಲ್ಲಿ ಒತ್ತುವ ಕ್ಲಚ್ ಇಲ್ಲ. ಟಾರ್ಕ್ ಕನ್ವರ್ಟರ್ ಇದೆ. ಎಣ್ಣೆ ತುಂಬಿದ ಡಬ್ಬಿಯೊಳಗೆ ರೆಕ್ಕೆಗಳಿರುವ ಎರಡು ಚಕ್ರಗಳು ಮುಖಾಮುಖಿ ಕೂತಿರುತ್ತವೆ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎರಚುವ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆಗ ಅವನ ಮನಸ್ಸಿನಲ್ಲಿದ್ದದ್ದು ಹಡಗು. ನೀರಿನ ಮೇಲಿನ ಆ ಉಪಾಯ ಇವತ್ತು ಕೆರೆ ಬತ್ತಿದ ಅಂಗಳದಲ್ಲಿ ಕೆಲಸ ಮಾಡುತ್ತಿದೆ.

ಇದರ ಗುಣವೂ ದೋಷವೂ ಒಂದೇ ಕಡೆ ಇವೆ. ಬಕೆಟ್ ಗೋಡಿನೊಳಗೆ ಹೂತು ಗಾಲಿ ನಿಂತರೂ ಎಂಜಿನ್ ಬಂದ್ ಆಗುವುದಿಲ್ಲ, ತಳ್ಳುತ್ತಲೇ ಇರುತ್ತದೆ. ಆದರೆ ಗಾಲಿ ತಿರುಗದೆ ನಿಂತ ಆ ಹೊತ್ತಿನಲ್ಲಿ ಕನ್ವರ್ಟರಿಗೆ ಹೋದ ಶಕ್ತಿಯಷ್ಟೂ ಎಣ್ಣೆಯ ಕಾವಾಗುತ್ತದೆ. ಲೆಕ್ಕ ಹಾಕಿ ನೋಡಬಹುದು. 40 ಅಶ್ವಶಕ್ತಿ ಹೀಗೆ ಹೋಯಿತೆಂದರೆ ಅದು ಸುಮಾರು 30 ಕಿಲೋವಾಟ್, ಅಂದರೆ ಮನೆಯ ಬಚ್ಚಲಿನ 2 ಕಿಲೋವಾಟಿನ 15 ಗೀಜರ್‌ಗಳು ಒಟ್ಟಿಗೆ ಉರಿದಂತೆ. ಆ ಕಾವನ್ನೆಲ್ಲ 20 ಲೀಟರ್ ಎಣ್ಣೆಯೊಂದೇ ಹೊತ್ತುಕೊಳ್ಳಬೇಕಾದರೆ ಒಂದು ನಿಮಿಷಕ್ಕೆ ಅದರ ಉಷ್ಣತೆ 50 ಡಿಗ್ರಿಯಷ್ಟು ಏರುತ್ತದೆ. ಯಾವ ಆಪರೇಟರೂ ಒಂದು ನಿಮಿಷ ಹಾಗೆ ತಳ್ಳುತ್ತ ನಿಲ್ಲುವುದಿಲ್ಲ, ನಿಜ. ಆದರೆ ದಿನಕ್ಕೆ ನೂರಾರು ಸಲ ನಾಲ್ಕೈದು ಸೆಕೆಂಡು ನಿಲ್ಲುತ್ತಾನೆ. ಆ ಕಾವು ಹೊರಗೆ ಹೋಗುವುದು ಆ ಎರಡು ಪೈಪುಗಳಲ್ಲೇ.

ಎಣ್ಣೆ ಅತಿಯಾಗಿ ಕಾದರೆ ತೆಳುವಾಗುತ್ತದೆ, ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಸೀಲುಗಳ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳು ಜಾರುತ್ತವೆ. ಗೇರ್‌ಬಾಕ್ಸ್ ಮೆಕ್ಯಾನಿಕ್ಕುಗಳಲ್ಲಿ ಒಂದು ಅಂದಾಜು ಬಹಳ ಕಾಲದಿಂದ ಇದೆ: 80 ಡಿಗ್ರಿ ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಎಣ್ಣೆಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಇದನ್ನು ಕೈಯಳತೆಯ ಲೆಕ್ಕವೆಂದೇ ಇಟ್ಟುಕೊಂಡರೂ ದಿಕ್ಕಂತೂ ಸರಿ.

ಈಗ ಆ ತೊಟ್ಟಿಕ್ಕುವ ಪೈಪಿಗೆ ಬರೋಣ. ಟ್ರ್ಯಾಕ್ಟರಿನವರು ಕಾಯುತ್ತಿದ್ದಾರೆ, ಗಂಟೆ ಓಡುತ್ತಿದೆ. ಹುಡುಗನೊಬ್ಬ ಬೈಕಿನಲ್ಲಿ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಓಡುತ್ತಾನೆ. “ಅಣ್ಣ, ಅರ್ಧ ಇಂಚಿಂದು ನಿಪ್ಲು ಒಂದು, ಕ್ಲಿಪ್ಪು ಎರಡು ಕೊಡಿ.” ಬೋರ್‌ವೆಲ್ಲು, ಡ್ರಿಪ್ಪು ಇರುವ ಸೀಮೆ ಇದು. ನಿಪ್ಲು, ಎಲ್ಬೊ, ಕಾಲರ್ ಎಲ್ಲಿ ಬೇಕಾದರೂ ಸಿಗುತ್ತವೆ. ಒಡೆದ ಹೋಸನ್ನು ಕತ್ತರಿಸಿ, ನಡುವೆ ಜಿಐ ನಿಪ್ಲು ತೂರಿಸಿ, ಎರಡೂ ಕಡೆ ತಿರುಪು ಕ್ಲಿಪ್ಪು ಬಿಗಿದರೆ ಆಯಿತು ಎನ್ನುವ ಧೈರ್ಯ ಅಲ್ಲಿಂದ ಬರುತ್ತದೆ. ನೀರಿನ ಪೈಪಿನಲ್ಲಿ ಆ ಧೈರ್ಯ ತಪ್ಪಲ್ಲ. ಕಾದ ಎಣ್ಣೆಯಲ್ಲಿ ತಪ್ಪು. ಏಕೆಂದರೆ ಅರ್ಧ ಇಂಚು ಎನ್ನುವ ಮಾತಿಗೆ ಮೂರು ಅರ್ಥಗಳಿವೆ.

ರಬ್ಬರ್ ಹೋಸನ್ನು ಒಳವ್ಯಾಸದಿಂದ ಅಳೆಯುತ್ತಾರೆ. ಅರ್ಧ ಇಂಚಿನ ಹೋಸೆಂದರೆ ಒಳತೂತು 12.7 ಮಿಲಿಮೀಟರ್. ಉಕ್ಕಿನ ಅಥವಾ ತಾಮ್ರದ ಟ್ಯೂಬನ್ನು ಹೊರವ್ಯಾಸದಿಂದ ಅಳೆಯುತ್ತಾರೆ. ಅರ್ಧ ಇಂಚಿನ ಟ್ಯೂಬಿನ ಹೊರಮೈ 12.7 ಮಿಲಿಮೀಟರ್, ಒಳತೂತು ಅದಕ್ಕಿಂತ ಕಿರಿದು. ಇನ್ನು ತೋಟದ ಜಿಐ ಪೈಪು ಇವೆರಡೂ ಅಲ್ಲ. ಅರ್ಧ ಇಂಚಿನ ಜಿಐ ಪೈಪಿನ ಹೊರವ್ಯಾಸ 21.3 ಮಿಲಿಮೀಟರ್. ಅದರಲ್ಲಿ ಅರ್ಧ ಇಂಚನ್ನು ಎಲ್ಲಿ ಅಳೆದರೂ ಸಿಗುವುದಿಲ್ಲ, ಅದು ಹಳೆಯ ಕಾಲದಿಂದ ಉಳಿದ ಹೆಸರು ಮಾತ್ರ. ಹೀಗಾಗಿ ‘ಅರ್ಧ ಇಂಚು ಕೊಡಿ’ ಎಂದು ಕೇಳಿದವನಿಗೆ ಅಂಗಡಿಯವರು ಏನು ಕೊಟ್ಟರೂ ಅವರ ಕಡೆಯಿಂದ ಸರಿಯೇ.

ಅಳತೆಯ ಸಣ್ಣ ವ್ಯತ್ಯಾಸವನ್ನು ಹೇಗೋ ಹೊಂದಿಸಿಕೊಂಡರೆ ಏನಾದೀತು? ಅರ್ಧ ಇಂಚಿನ ದಾರಿಯಲ್ಲಿ ಮುಕ್ಕಾಲು ಪಾಲು ಅಗಲದ, ಅಂದರೆ ಮೂರು ಎಂಟನೇ ಇಂಚಿನ ಹೋಸು ಹಾಕಿದರೆ, ತಣ್ಣಗಿರುವ ದಪ್ಪ ಎಣ್ಣೆಗೆ ಅಷ್ಟೇ ಉದ್ದದಲ್ಲಿ ಎದುರಾಗುವ ತಡೆ ಮೂರು ಪಟ್ಟು ಆಗುತ್ತದೆ. ಅಗಲ ಕಡಿಮೆಯಾದಂತೆ ತಡೆ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ. ಹೊರಗೆ ಒಂದು ತೊಟ್ಟೂ ಸೋರದೆ ಎಲ್ಲವೂ ಚೆನ್ನಾಗಿ ಕಾಣುತ್ತಿರುವಾಗಲೇ ಕೂಲರಿಗೆ ಹೋಗುವ ಎಣ್ಣೆ ಕಡಿಮೆಯಾಗಿರುತ್ತದೆ. ಚೂಪಾಗಿ ತಿರುಗುವ ಎಲ್ಬೊಗಳನ್ನು ಸಾಲಾಗಿ ಹಾಕಿದರೂ ಇದೇ ಕಥೆ. ಬಾಗು ದೊಡ್ಡದಾಗಿರುವ ಬೆಂಡು ಯಾವಾಗಲೂ ಮೇಲು.

ಅಳತೆ ಕೂತ ಮೇಲೂ ಥ್ರೆಡ್ಡಿನ ಪ್ರಶ್ನೆ ಉಳಿಯುತ್ತದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲ ಕಾರ್ಖಾನೆಗಳೂ ಒಂದೇ ಬಗೆಯ ಥ್ರೆಡ್ಡು ಬಳಸಲಿ ಎಂದು ಸೂಚಿಸಿದ. ಅವನ ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ ಹಲ್ಲನ್ನು ಮುಂದಿಟ್ಟ. ನೂರೈವತ್ತು ವರ್ಷ ಕಳೆದರೂ ಆ ಐದು ಡಿಗ್ರಿ ಅಂತರ ಹಾಗೆಯೇ ಉಳಿದಿದೆ. ನಮ್ಮ ನೀರಿನ ಪೈಪುಗಳೆಲ್ಲ ಬ್ರಿಟಿಷ್ ದಾರಿಯವು, ಮೆಕ್ಯಾನಿಕ್ಕುಗಳ ಬಾಯಲ್ಲಿ ಬಿಎಸ್‌ಪಿ. ಅಮೆರಿಕನ್ ಪೈಪ್ ಥ್ರೆಡ್ಡು ಎನ್‌ಪಿಟಿ. ಕಾಲು ಇಂಚಿನಲ್ಲೂ ಮೂರು ಎಂಟನೆಯದರಲ್ಲೂ ಬಿಎಸ್‌ಪಿಗೆ ಇಂಚಿಗೆ 19 ಸುತ್ತು, ಎನ್‌ಪಿಟಿಗೆ 18. ಅಲ್ಲಿ ಎರಡನ್ನೂ ಕೂಡಿಸಲು ಹೋದರೆ ಬೇಗ ಕಚ್ಚಿಕೊಂಡು ತಪ್ಪು ಗೊತ್ತಾಗುತ್ತದೆ. ಮೋಸವಿರುವುದು ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ. ಅಲ್ಲಿ ಎರಡಕ್ಕೂ 14 ಸುತ್ತು. ನಟ್ಟು ಸರಾಗ ಹತ್ತುತ್ತದೆ, ಬಿಗಿಯುತ್ತದೆ, ಆಮೇಲೆ ಎಣ್ಣೆ ಕಾದಾಗ ಜಿನುಗುತ್ತದೆ.

ಹೈಡ್ರಾಲಿಕ್ ಯೂನಿಯನ್ನುಗಳಲ್ಲಿ ಬಹಳಷ್ಟಕ್ಕೆ ಎಣ್ಣೆಯನ್ನು ತಡೆಯುವುದು ಥ್ರೆಡ್ಡೇ ಅಲ್ಲ ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಥ್ರೆಡ್ಡಿನ ಕೆಲಸ ಎಳೆದು ಹಿಡಿಯುವುದು. ತಡೆಯುವುದು ಅದರೊಳಗಿನ ಸೀಟು. ಒಂದು ಕಡೆ ಉಬ್ಬಿದ ಶಂಕುವಿನಾಕಾರ, ಇನ್ನೊಂದು ಕಡೆ ಅದಕ್ಕೊಪ್ಪುವ ತಗ್ಗು, ಎರಡರ ಕೋನವೂ ಒಂದೇ ಇರಬೇಕು. ಬ್ರಿಟಿಷ್ ಮೂಲದ ಯಂತ್ರಗಳಲ್ಲಿ ಬಿಎಸ್‌ಪಿ ಥ್ರೆಡ್ಡಿನ ಜೊತೆ 60 ಡಿಗ್ರಿಯ ಶಂಕು ಹೆಚ್ಚಾಗಿ ಕಾಣುತ್ತದೆ. ಅಮೆರಿಕನ್ ವಿನ್ಯಾಸದವುಗಳಲ್ಲಿ 37 ಡಿಗ್ರಿಯ ಜೆಐಸಿ, ಇಲ್ಲವೇ ಚಪ್ಪಟೆ ಮುಖದಲ್ಲಿ ಓ-ರಿಂಗ್ ಕೂರುವ ಬಗೆ. ಜರ್ಮನ್ ಪದ್ಧತಿಯಲ್ಲಿ 24 ಡಿಗ್ರಿಯ ಶಂಕುವಿಗೆ ಟ್ಯೂಬನ್ನು ಕಚ್ಚಿ ಹಿಡಿಯುವ ಉಂಗುರ, ಥ್ರೆಡ್ಡು ಮಿಲಿಮೀಟರಿನದು. ಕಾರುಗಳ ಹಳೆಯ ಪದ್ಧತಿಯಲ್ಲಿ 45 ಡಿಗ್ರಿಯ ಫ್ಲೇರ್. ಜೆಐಸಿಯ 37ಕ್ಕೂ ಕಾರಿನ 45ಕ್ಕೂ ಅರ್ಧ ಇಂಚಿನ ಟ್ಯೂಬಿನ ಅಳತೆಯಲ್ಲಿ ಥ್ರೆಡ್ಡು ಒಂದೇ, ಮುಕ್ಕಾಲು ಇಂಚು ವ್ಯಾಸದ್ದು, ಇಂಚಿಗೆ 16 ಸುತ್ತಿನದು. ಕೈಯಲ್ಲಿ ತಿರುಗಿಸಿದರೆ ಒಂದರ ಮೇಲೊಂದು ಸೊಗಸಾಗಿ ಕೂರುತ್ತದೆ. ಒಳಗೆ ಮಾತ್ರ ಎರಡು ಶಂಕುಗಳು ಒಂದು ಸಣ್ಣ ಗೆರೆಯಲ್ಲಷ್ಟೇ ತಾಗಿರುತ್ತವೆ. ಸೋರುವುದನ್ನು ನಿಲ್ಲಿಸಲೆಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿದರೆ ಆ ಗೆರೆ ನಜ್ಜಾಗುತ್ತದೆ, ಆಮೇಲೆ ಸರಿಯಾದ ಯೂನಿಯನ್ ತಂದರೂ ಅದಕ್ಕೆ ಸೀಟು ಉಳಿದಿರುವುದಿಲ್ಲ.

ಸೋರುವ ಕಡೆ ಬಿಳಿ ಟೆಫ್ಲಾನ್ ಟೇಪು ಸುತ್ತುವುದೂ ನೀರಿನ ಪೈಪಿನಿಂದ ಬಂದ ಅಭ್ಯಾಸವೇ. ಶಂಕು ಇರುವ ಕಡೆ, ಓ-ರಿಂಗ್ ಇರುವ ಕಡೆ ಅದು ಬೇಡವೇ ಬೇಡ. ಥ್ರೆಡ್ಡಿನ ತುದಿಯಲ್ಲಿ ಹರಿದ ಟೇಪಿನ ಎಳೆ ಎಣ್ಣೆಯ ಜೊತೆ ಹೋಗಿ ಗೇರ್‌ಬಾಕ್ಸಿನ ಕೂದಲೆಳೆಯಷ್ಟು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹ್ಯಾಕ್ಸಾದಿಂದ ಟ್ಯೂಬು ಕೊಯ್ದಾಗ ಉದುರುವ ಲೋಹದ ಪುಡಿಯೂ ಹಾಗೆಯೇ. ಟ್ಯೂಬ್ ಕಟರಿನಿಂದ ಕೊಯ್ದು, ಒಳ ಅಂಚಿನ ಮುಳ್ಳು ತೆಗೆದು, ಗಾಳಿ ಊದಿ ಆಮೇಲೆ ಜೋಡಿಸಿದರೆ ಹತ್ತು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೇ.

ಹೋಸಿನಲ್ಲಿ ನೋಡಬೇಕಾದದ್ದು ಹೊರಗಿನ ಕಪ್ಪು ಬಣ್ಣವನ್ನಲ್ಲ, ಒಳಪದರದ ರಬ್ಬರನ್ನು. ಈಗಿನ ರೇಡಿಯೇಟರ್ ಹೋಸುಗಳು ಬಹಳಷ್ಟು ಇಪಿಡಿಎಂ ಎಂಬ ರಬ್ಬರಿನವು. ಬಿಸಿನೀರಿಗೆ ಅದು ಗಟ್ಟಿ. ಎಣ್ಣೆಯಲ್ಲಿ ಮಾತ್ರ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಒಳಗೇ ಪದರ ಎದ್ದು ದಾರಿ ಮುಚ್ಚುತ್ತದೆ. ಎಣ್ಣೆಗೆ ಬೇಕಾದದ್ದು ನೈಟ್ರೈಲ್ ರಬ್ಬರು ಅಥವಾ ಅದಕ್ಕಿಂತ ಕಾವು ತಾಳುವ ಬಗೆ. ಡ್ರಿಪ್ಪಿನ ಪ್ಲಾಸ್ಟಿಕ್ ಪೈಪಂತೂ 90 ಡಿಗ್ರಿಯ ಎಣ್ಣೆ ತಾಗಿದ ಕೂಡಲೇ ಸೊರಗುತ್ತದೆ. ಒಳ್ಳೆಯ ಹೋಸಿನ ಮೈಮೇಲೆ ಉದ್ದಕ್ಕೂ ಅಕ್ಷರಗಳಿರುತ್ತವೆ: ಯಾವ ಮಾನದಂಡದ್ದು, ಒಳವ್ಯಾಸ ಎಷ್ಟು, ಎಷ್ಟು ಒತ್ತಡ ತಾಳುತ್ತದೆ, ಯಾವ ವರ್ಷ ತಯಾರಾಯಿತು ಎಂದು. ಎಸ್‌ಎಇ ಜೆ1532 ಎಂದಿದ್ದರೆ ಅದು ಟ್ರಾನ್ಸ್‌ಮಿಷನ್ ಕೂಲರಿಗೆಂದೇ ಮಾಡಿದ ಹೋಸು. ಎಸ್‌ಎಇ 100ಆರ್1 ಎಂದರೆ ಒಂದು ಪದರ ಉಕ್ಕಿನ ತಂತಿ ಹೆಣೆದ ಹೈಡ್ರಾಲಿಕ್ ಹೋಸು, 100 ಡಿಗ್ರಿವರೆಗಿನ ಎಣ್ಣೆಗೆ. ಅಕ್ಷರವೇ ಇಲ್ಲದ ಹೋಸನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಒತ್ತಡದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಬಕೆಟ್ ಎತ್ತುವ ಹೋಸಿನಲ್ಲಿ ಒತ್ತಡ 200 ಬಾರ್ ದಾಟುತ್ತದೆ, ಕೂಲರಿನ ದಾರಿಯಲ್ಲಿ ಅದರ ಸಣ್ಣ ಪಾಲು ಮಾತ್ರ. ಆದ್ದರಿಂದ ಇಲ್ಲಿ ಯಾವ ಹೋಸಾದರೂ ನಡೆಯುತ್ತದೆ ಎಂದು ತಿಳಿಯುವವರಿದ್ದಾರೆ. ಆದರೆ ಧನುರ್ಮಾಸದ ಚಳಿಯ ಬೆಳಗ್ಗೆ ಎಣ್ಣೆ ದಪ್ಪಗಿರುವಾಗ ಎಂಜಿನ್ ಹಾಕಿದ ಕೂಡಲೇ ರೇಸ್ ಮಾಡಿದರೆ ಈ ದಾರಿಯಲ್ಲೂ ಒತ್ತಡ ಜಿಗಿಯುತ್ತದೆ. ಬರೀ ಟ್ಯೂಬಿನ ಮೇಲೆ ತೂರಿಸಿ ಕ್ಲಿಪ್ಪು ಬಿಗಿದ ಹೋಸು ಕಳಚುವುದು ಅಂಥ ಹೊತ್ತಿನಲ್ಲೇ. ಟ್ಯೂಬಿನ ತುದಿಯಲ್ಲಿ ಉಬ್ಬಿದ ಏಣಾದರೂ ಇರಬೇಕು. ಎಲ್ಲಕ್ಕಿಂತ ನಂಬಬಹುದಾದದ್ದು ಯಂತ್ರದಲ್ಲಿ ಒತ್ತಿ ಕ್ರಿಂಪ್ ಮಾಡಿದ ತುದಿ.

ಲೋಹದ ಟ್ಯೂಬಿನಲ್ಲಿ ಜನ ಮೊದಲು ಕೇಳುವುದು ತಾಮ್ರವನ್ನು. ಕೈಯಲ್ಲೇ ಬಾಗುತ್ತದೆ, ಫ್ರಿಜ್ ರಿಪೇರಿಯವರ ಹತ್ತಿರ ಸಿಗುತ್ತದೆ, ಫ್ಲೇರ್ ಮಾಡುವ ಉಪಕರಣವೂ ಅವರಲ್ಲೇ ಇದೆ. ಆದರೆ ಎಂಜಿನ್ ನಡುಗಿದಂತೆಲ್ಲ ತಾಮ್ರ ಗಡುಸಾಗುತ್ತ ಹೋಗಿ ಫ್ಲೇರಿನ ಕತ್ತಿನಲ್ಲಿ ಬಿರುಕು ಬಿಡುತ್ತದೆ. ಕಾದ ಎಣ್ಣೆಯನ್ನು ಬೇಗ ಹಳಸುವಂತೆ ಮಾಡುವ ಗುಣವೂ ಅದಕ್ಕಿದೆ. ಮೇಲಾಗಿ ಫ್ರಿಜ್ಜಿನವರ ಉಪಕರಣ ಮಾಡುವುದು 45 ಡಿಗ್ರಿಯ ಫ್ಲೇರ್, 37ರ ಸೀಟಿಗೆ ಅದು ಕೂರುವುದಿಲ್ಲ. ಕಂಪನಿಗಳು ಸಾಮಾನ್ಯವಾಗಿ ಹಾಕುವುದು ಉಕ್ಕಿನ ಟ್ಯೂಬು. ಅದಕ್ಕಿರುವ ಶತ್ರು ತುಕ್ಕೊಂದೇ, ಕೆರೆಯ ಕೆಸರು ಕ್ಲಾಂಪಿನ ಸಂದಿಯಲ್ಲಿ ಕೂತರೆ ಆ ತುಕ್ಕು ಕಣ್ಣಿಗೆ ಬೀಳುವುದೇ ಇಲ್ಲ. ತಾಮ್ರ 90, ನಿಕ್ಕಲ್ 10 ಪಾಲಿನ ಮಿಶ್ರಲೋಹ ಇವೆರಡರ ನಡುವಿನ ಒಳ್ಳೆಯ ದಾರಿ, ಬಾಗುವುದರಲ್ಲಿ ತಾಮ್ರಕ್ಕೆ ಹತ್ತಿರ, ತುಕ್ಕಿಲ್ಲ, ಬಿರುಕು ಕಡಿಮೆ. ಸ್ವೀಡನ್ನಿನ ವೋಲ್ವೊ ಕಾರುಗಳ ಬ್ರೇಕ್ ಪೈಪಿಗೆ 1970ರ ದಶಕದಲ್ಲೇ ಇದು ಬಂತು. ಸ್ಟೇನ್‌ಲೆಸ್ ಉಕ್ಕು ಬಾಳುತ್ತದೆ, ಬಗ್ಗಿಸಲು ಮಾತ್ರ ಸರಿಯಾದ ಬೆಂಡರ್ ಬೇಕು.

ಒಳ್ಳೆಯ ಹೋಸನ್ನೂ ಕೆಟ್ಟ ದಾರಿ ಕೊಲ್ಲುತ್ತದೆ. ಎಂಜಿನ್ ರಬ್ಬರಿನ ಮೇಲೆ ಕೂತು ಅಲುಗಾಡುತ್ತದೆ, ಕೂಲರ್ ಚಾಸಿಗೆ ಬಿಗಿದಿರುತ್ತದೆ. ನಡುವಿನ ಹೋಸಿಗೆ ಸ್ವಲ್ಪ ಸಡಿಲ ಉದ್ದ ಇರಬೇಕು. ಹೋಸಿನ ಮೇಲೆ ಅಚ್ಚಾದ ಗೆರೆ ನೇರವಾಗಿ ಕಂಡರೆ ಹೋಸು ತಿರುಚಿಕೊಂಡಿಲ್ಲ ಎಂದರ್ಥ. ಸೈಲೆನ್ಸರಿನ ಪಕ್ಕ ಹಾಯುವಂತಿದ್ದರೆ ದೂರ ಸರಿಸಬೇಕು, ಇಲ್ಲವೇ ತಗಡಿನ ಮರೆ ಕಟ್ಟಬೇಕು. ಎರಡು ಹೋಸುಗಳು ಒಂದಕ್ಕೊಂದು ಉಜ್ಜುತ್ತಿದ್ದರೆ ಒಂದು ಬೇಸಿಗೆಯೊಳಗೆ ತಂತಿ ಕಾಣುತ್ತದೆ. ರಬ್ಬರ್ ಹಾಕಿದ ಕ್ಲಾಂಪಿನಿಂದ ಅಲ್ಲಲ್ಲಿ ಹಿಡಿದರೆ ಉಜ್ಜುವುದು ನಿಲ್ಲುತ್ತದೆ.

ತೆಂಗಿನ ಸೀಮೆಗೇ ಸೇರಿದ ಇನ್ನೊಂದು ತೊಂದರೆ ಇದೆ. ನಾರಿನ ಕಾರ್ಖಾನೆಗಳ ಅಂಗಳದಲ್ಲಿ, ಮಟ್ಟೆಯ ರಾಶಿಯ ನಡುವೆ ಲೋಡರ್ ಕೆಲಸ ಮಾಡುವಾಗ ನಾರಿನ ಪುಡಿ ಗಾಳಿಯಲ್ಲಿ ಹಾರಿ ಕೂಲರಿನ ರೆಕ್ಕೆಗಳ ನಡುವೆ ಕೂರುತ್ತದೆ. ಎಣ್ಣೆ ಜಿನುಗಿದ ಕೂಲರಾದರೆ ಅಂಟಿಕೊಂಡು ಕಂಬಳಿಯಂತಾಗುತ್ತದೆ. ಪೈಪು, ಯೂನಿಯನ್ನು ಎಲ್ಲ ಸರಿಯಿದ್ದೂ ದೀಪ ಹತ್ತುತ್ತಿದ್ದರೆ ಮೊದಲು ಅಲ್ಲಿ ಗಾಳಿ ಹೊಡೆಯಬೇಕು. ಹಿಂದಿನಿಂದ ಮುಂದಕ್ಕೆ ಹೊಡೆದರೆ ಪುಡಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ.

ಕಾರಿನವರಿಗೂ ಒಂದೆರಡು ಮಾತು ಸಲ್ಲಬೇಕು. ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬರುವ ಗೇರಿಲ್ಲದ ಕಾರುಗಳೆಲ್ಲ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ, ಅಲ್ಲಿ ಟಾರ್ಕ್ ಕನ್ವರ್ಟರಿಲ್ಲ, ಕೂಲರಿನ ಪೈಪೂ ಇಲ್ಲ. ಕನ್ವರ್ಟರ್ ಇರುವ ದೊಡ್ಡ ಕಾರುಗಳಲ್ಲಿ ಕೂಲರ್ ಇದೆ. ಅನೇಕ ಕಾರುಗಳಲ್ಲಿ ಗೇರ್ ಆಯಿಲ್ ರೇಡಿಯೇಟರಿನ ತೊಟ್ಟಿಯೊಳಗೇ ಹಾದು ತಣಿಯುತ್ತದೆ. ಅಲ್ಲಿನ ಒಳಗೋಡೆ ತೂತಾದರೆ ನೀರು ಎಣ್ಣೆಯೊಳಗೆ ಹೋಗಿ, ಕೆಂಪು ಆಯಿಲ್ ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗುತ್ತದೆ. ತುಂಬಿದ ಕಾರಿನಲ್ಲಿ ಯಡಿಯೂರು, ಹಾಸನ ದಾಟಿ ಶಿರಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಹೋಗಿಬರುವವರು ಹೊರಡುವ ಮುನ್ನ ಕಾರಿನ ಕೆಳಗೊಂದು ಹಳೆಯ ಪೇಪರ್ ಹಾಸಿ ರಾತ್ರಿ ಬಿಟ್ಟು ನೋಡಬಹುದು. ಬೆಳಗ್ಗೆ ಅದರ ಮೇಲೆ ಬಿದ್ದ ಕಲೆಯ ಬಣ್ಣವೇ ಎಣ್ಣೆ ಎಲ್ಲಿಯದೆಂದು ಹೇಳುತ್ತದೆ.

ಹಾಗಾದರೆ ಆ ಕೆರೆಯಂಗಳದ ಆಪರೇಟರ್ ಏನು ಮಾಡಬೇಕಿತ್ತು? ಮೊದಲು ಎಂಜಿನ್ ನಿಲ್ಲಿಸಿ ತಣಿಯಲು ಬಿಡಬೇಕು. ಸೋರಿಕೆ ಎಲ್ಲಿ ಎಂದು ಬರಿಗೈಯಲ್ಲಿ ಸವರಿ ನೋಡಬಾರದು. ಕೂಲರಿನ ಎಣ್ಣೆ ಕೈ ಸುಡುತ್ತದೆ, ಪಕ್ಕದಲ್ಲೇ ಹಾದಿರುವ ಬಕೆಟ್ಟಿನ ಹೋಸಿನಲ್ಲಿ ಸೂಜಿತೂತಿದ್ದರೆ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ, ಅದು ಕೂಡಲೇ ಆಸ್ಪತ್ರೆಗೆ ಓಡಬೇಕಾದ ಗಾಯ. ಆಮೇಲೆ ಎರಡು ಸ್ಪ್ಯಾನರ್ ಹಿಡಿದು, ಒಂದರಿಂದ ಯೂನಿಯನ್ನನ್ನು ಅಲುಗದಂತೆ ತಡೆದು ಇನ್ನೊಂದರಿಂದ ನಟ್ಟು ಬಿಚ್ಚಬೇಕು. ತೆರೆದ ಬಾಯಿಗಳಿಗೆ ಶುಭ್ರ ಪ್ಲಾಸ್ಟಿಕ್ ಕಟ್ಟಬೇಕು. ಹಳೆಯ ಹೋಸನ್ನು ಕತ್ತರಿಸದೆ, ಎರಡೂ ತುದಿಗಳ ಸಮೇತ, ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಗೆ ಒಯ್ಯಬೇಕು. ತುಮಕೂರಿನಲ್ಲಿ ಸಿಗದ ತುದಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೋ ಪೀಣ್ಯವೋ ಇದೆ.

ಅಂಗಡಿಯಲ್ಲಿ ‘ಅರ್ಧ ಇಂಚು’ ಎನ್ನುವ ಬದಲು ವರ್ನಿಯರಿನಿಂದ ಹೊರವ್ಯಾಸ, ಪಿಚ್ ಗೇಜಿನಿಂದ ಸುತ್ತು, ಸೀಟ್ ಗೇಜಿನಿಂದ ಕೋನ ನೋಡಲು ಕೇಳಬೇಕು. ಮೂರೂ ಸೇರಿ ಐದು ನಿಮಿಷದ ಕೆಲಸ. ಹೊಸ ಹೋಸಿನ ಉದ್ದವನ್ನು ಹಳೆಯದರ ಪಕ್ಕ ಮಲಗಿಸಿ ನೋಡಬೇಕು. ಒಂದು ತುದಿ ನೇರ, ಇನ್ನೊಂದು ಬೆಂಡು ಆಗಿದ್ದರೆ ಬೆಂಡು ಯಾವ ಕಡೆಗೆ ನೋಡುತ್ತಿದೆ ಎನ್ನುವುದನ್ನೂ ಕ್ರಿಂಪ್ ಮಾಡುವ ಮುಂಚೆಯೇ ಗುರುತು ಹಾಕಿಸಬೇಕು, ಒತ್ತಿದ ಮೇಲೆ ತಿರುಗಿಸಲು ಬರುವುದಿಲ್ಲ. ಹಿಂದಿರುಗಿ ಕೂಡಿಸಿದ ನಂತರ ಯಂತ್ರದ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿ, ಪುಸ್ತಕ ಹೇಳಿದ ರೀತಿಯಲ್ಲೇ ಮಟ್ಟ ನೋಡಬೇಕು. ಹತ್ತು ನಿಮಿಷ ಓಡಿಸಿ, ಯೂನಿಯನ್ನುಗಳನ್ನು ಬಟ್ಟೆಯಿಂದ ಒರೆಸಿ, ಮತ್ತೆ ಹತ್ತು ನಿಮಿಷ ಓಡಿಸಿ ನೋಡಬೇಕು. ಒರೆಸಿದ ಜಾಗ ಒಣಗಿಯೇ ಇದ್ದರೆ ಟ್ರ್ಯಾಕ್ಟರಿನವರನ್ನು ಕರೆಯಬಹುದು. ಹಳೆಯ ಹೋಸಿನ ತುದಿಗಳನ್ನು ಬಿಸಾಡದೆ, ಅವುಗಳ ಅಳತೆ ಬರೆದ ಚೀಟಿ ಕಟ್ಟಿ, ಸೀಟಿನ ಹಿಂದೆ ಇಟ್ಟುಕೊಂಡರೆ ಮುಂದಿನ ಸಲ ಫೋನಿನಲ್ಲೇ ಹೇಳಿ ಹೋಸು ಮಾಡಿಸಿಡಬಹುದು.